ಕೌರ್ ಸಿಂಗ್ ಪ್ರಕರಣ: ಹೆವಿವೇಯ್ಟ್ ಚಿನ್ನ ಗೆದ್ದ ಮೇಲಿನ ವರ್ಷಗಳು

2017ರ ಕೊನೆಯಲ್ಲಿ ಪಂಜಾಬಿನ ಕೌರ್ ಸಿಂಗ್ ಅವರ ಹೆಸರು ಬಹಳ ವರ್ಷಗಳ ಮೇಲೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಹೃದಯದ ಚಿಕಿತ್ಸೆಗಾಗಿ ಅವರು ಖಾಸಗಿಯವರ ಹತ್ತಿರ 2 ಲಕ್ಷ ರೂಪಾಯಿ ಸಾಲ ಮಾಡಿದ್ದರು, ಅದನ್ನು ತೀರಿಸಲು ಪರದಾಡುತ್ತಿದ್ದರು. 1982ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಯ್ಟ್ (ಭಾರೀ ತೂಕದ) ಬಾಕ್ಸಿಂಗ್ ಚಿನ್ನ ಗೆದ್ದವರು ಇವರು. ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡೂ ಬಂದವರು, ಮುಹಮ್ಮದ್ ಅಲಿಯ ಎದುರು ರಿಂಗಿಗೆ ಇಳಿದವರು. ಸುದ್ದಿ ಓದಿದವರು ಅಯ್ಯೋ ಪಾಪ ಎಂದರು, ಕೆಲವರು ದುಡ್ಡು ಕಳಿಸಿದರು, ಎರಡು ವಾರದಲ್ಲಿ ಸುದ್ದಿ ತಣ್ಣಗಾಯಿತು.

ನಾನು ಮುಂಬೈಯ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ಪಿ.ಟಿ. ಮಾಷ್ಟ್ರಾಗಿದ್ದವನು. ಆಟ ಆಡುವ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ, ಆಟ ಬಿಟ್ಟ ಮೇಲೆ ಮುಂದೇನು ಎಂದು. ಅದಕ್ಕೆ ಧೈರ್ಯದ ಮಾತು ಹೇಳಿ ಕಳಿಸುವುದು ಸುಲಭ. ನಿಜವಾದ ಉತ್ತರ ಬೇಕಿದ್ದರೆ ಒಬ್ಬರ ಇಡೀ ಬದುಕನ್ನು ಎದುರಿಗೆ ಇಟ್ಟುಕೊಂಡು, ಎಲ್ಲಿ ಕಾಲೂರಿ ನಿಂತರು, ಎಲ್ಲಿ ಜಾರಿತು ಎಂದು ನೋಡಬೇಕು. ಅದಕ್ಕೆ ಕೌರ್ ಸಿಂಗ್ ಅವರಿಗಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಅವರ ಮೊದಲ ದೊಡ್ಡ ಚಿನ್ನಗಳಲ್ಲಿ ಒಂದು ಬಂದದ್ದೂ ನಮ್ಮ ಮುಂಬೈಯಲ್ಲೇ.

ಶೆಟ್ಟರ ಪ್ರಶ್ನೆ

ಠಾಣೆಯಲ್ಲಿ ಸಣ್ಣ ಹೋಟೆಲು ನಡೆಸುವ ನಮ್ಮೂರ ಕಡೆಯ ಶೆಟ್ಟರೊಬ್ಬರಿದ್ದಾರೆ. ಅವರ ಮಗ ಕಾಲೇಜು ಹುಡುಗ, ತೊಂಬತ್ತು ಕಿಲೋ ದಾಟಿದ ಮೈ. ಶಾಲೆಯಲ್ಲಿದ್ದಾಗ ಕಬಡ್ಡಿಗೆ ಎಳೆದುಕೊಂಡರು, ಆಮೇಲೆ ಗುಂಡೆಸೆತಕ್ಕೆ ಹಾಕಿದರು. ದಪ್ಪ ಹುಡುಗರ ಹಣೆಬರಹ ನಮ್ಮ ಶಾಲೆಗಳಲ್ಲಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕಾಲೇಜಿಗೆ ಬಂದಮೇಲೆ ಯಾರೋ ಗ್ಲೌಸ್ ತೊಡಿಸಿದರು. ಜಿಲ್ಲೆಯಲ್ಲಿ ಗೆದ್ದ, ರಾಜ್ಯ ಮಟ್ಟದಲ್ಲಿ ಪದಕ ತಂದ. ಅಪ್ಪ ಒಂದು ಸಂಜೆ ಗಲ್ಲಾಪೆಟ್ಟಿಗೆಯನ್ನು ತಮ್ಮನಿಗೆ ಒಪ್ಪಿಸಿ ನನ್ನ ಮನೆಗೆ ಬಂದರು.

"ಮಾಷ್ಟ್ರೇ, ನನಗೆ ಬಾಕ್ಸಿಂಗ್ ಎಲ್ಲ ಗೊತ್ತಾಗುದಿಲ್ಲ. ಅವ ಗೆಲ್ತಾ ಇದ್ದಾನೆ ಅಂತಾರೆ, ಸಂತೋಷ. ಆದ್ರೆ ನಲ್ವತ್ತು ವರ್ಷ ಆದ್ಮೇಲೆ ಅವ ಎಂತ ಮಾಡುದು? ಅದೊಂದು ಹೇಳಿ."

ಎಷ್ಟು ಸಂಬಳ, ಯಾವ ನೌಕರಿ ಎಂದು ಅವರು ಕೇಳಲಿಲ್ಲ. ನಲವತ್ತರ ನಂತರ ಏನು ಎಂದು ಕೇಳಿದರು. ಹೋಟೆಲಿನಲ್ಲಿ ದುಡಿದು ಮೇಲೆ ಬಂದವರಿಗೆ ಮೈಯಲ್ಲಿ ಕಸುವು ಇರುವುದು ಎಷ್ಟು ವರ್ಷ ಎಂಬ ಲೆಕ್ಕ ಚೆನ್ನಾಗಿ ಗೊತ್ತು. "ಶೆಟ್ರೇ, ಒಂದು ವಾರ ಬಿಟ್ಟು ಬನ್ನಿ, ಕೂತು ಮಾತಾಡುವ" ಎಂದೆ. ಆ ವಾರದಲ್ಲಿ ಬರೆದಿಟ್ಟ ಟಿಪ್ಪಣಿಯೇ ಈ ಬರಹಕ್ಕೆ ಆಧಾರ.

ರಿಂಗಿನೊಳಗೆ

ಕೌರ್ ಸಿಂಗ್ ಸಂಗ್ರೂರ್ ಜಿಲ್ಲೆಯ ಖನಾಲ್ ಖುರ್ದ್ ಎಂಬ ಹಳ್ಳಿಯವರು, ಸಣ್ಣ ರೈತರ ಮನೆಯವರು. ಬೇಸಾಯ ಮಾಡಿಕೊಂಡಿದ್ದವರು 1971ರಲ್ಲಿ, ಇಪ್ಪತ್ಮೂರರ ಸುಮಾರಿಗೆ, ಸೇನೆಗೆ ಸೇರಿದರು. ಆ ವರ್ಷವೇ ಪಾಕಿಸ್ತಾನದ ಜೊತೆ ಯುದ್ಧ. ಬಾಕ್ಸಿಂಗ್ ಶುರು ಮಾಡಿದ್ದು 1977ರಲ್ಲಿ, ಅಂದರೆ ಮೂವತ್ತಕ್ಕೆ ಹತ್ತಿರವಾದ ಮೇಲೆ. 1979ರಲ್ಲಿ ರಾಷ್ಟ್ರೀಯ ಚಾಂಪಿಯನ್. 1983ರ ತನಕ ಆ ಪಟ್ಟವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಪ್ಪತ್ತೆಂಟು ಇಪ್ಪತ್ತೊಂಬತ್ತಕ್ಕೆ ಗ್ಲೌಸ್ ಹಾಕಿ ಎರಡೇ ವರ್ಷದಲ್ಲಿ ದೇಶಕ್ಕೇ ಮೊದಲಿಗನಾಗುವುದು 48 ಕಿಲೋ ತೂಕದಲ್ಲೋ 60 ಕಿಲೋ ತೂಕದಲ್ಲೋ ನಡೆಯುವ ಮಾತಲ್ಲ. ಅಲ್ಲಿ ಹತ್ತು ಹನ್ನೊಂದಕ್ಕೇ ಶುರುಮಾಡಿದ ಹುಡುಗರು ಸಾಲುಸಾಲಾಗಿ ನಿಂತಿರುತ್ತಾರೆ, ಫೈನಲ್ ಮುಟ್ಟಲು ನಾಲ್ಕೈದು ಬೌಟ್ (ಕಾದಾಟ) ಗೆಲ್ಲಬೇಕು. ಹೆವಿವೇಯ್ಟಿನ ಕಥೆ ಬೇರೆ. ನಮ್ಮ ದೇಶದಲ್ಲಿ ಆ ತೂಕದ ಹುಡುಗರೇ ಕಡಿಮೆ, ಇರುವವರು ಕುಸ್ತಿಗೋ ಕಬಡ್ಡಿಗೋ ಹೋಗಿರುತ್ತಾರೆ. ಜಿಲ್ಲಾ ಮಟ್ಟದಲ್ಲಿ ಮೂರೋ ನಾಲ್ಕೋ ಹೆಸರು ಬಂದರೆ ಹೆಚ್ಚು. ಒಂದು ಬೈ (ಆಡದೆಯೇ ಮುಂದಿನ ಸುತ್ತಿಗೆ), ಒಂದು ಬೌಟ್, ಕೊರಳಿಗೆ ಪದಕ. ದೊಡ್ಡ ಮೈ ಹದಕ್ಕೆ ಬರಲು ಕಾಲವೂ ಹೆಚ್ಚು ಬೇಕು. ಕಾಲಿನ ಓಟ, ಉಸಿರು, ಬೀಸಿದ ಕೈಯನ್ನು ಹಿಂದಕ್ಕೆ ತರುವ ವೇಗ ಎಲ್ಲ ನಿಧಾನವಾಗಿ ಕೂಡಿ ಬರುತ್ತವೆ, ಬಂದಮೇಲೆ ಬೇಗ ಬಿಟ್ಟೂ ಹೋಗುವುದಿಲ್ಲ.

ಹವಾ ಸಿಂಗ್ ಅವರನ್ನು ನೋಡಿ. ಹರಿಯಾಣದ ಭಿವಾನಿ ಕಡೆಯವರು, ಕೌರ್ ಸಿಂಗ್ ಅವರಿಗಿಂತ ಹಿಂದಿನ ತಲೆಮಾರಿನ ಸೇನೆಯ ಹೆವಿವೇಯ್ಟ್. 1961ರಿಂದ 1972ರ ನಡುವೆ ಸತತ 11 ಬಾರಿ ರಾಷ್ಟ್ರೀಯ ಚಾಂಪಿಯನ್. 1966ರಲ್ಲೂ 1970ರಲ್ಲೂ ಬ್ಯಾಂಕಾಕಿನಲ್ಲಿ ಏಷ್ಯನ್ ಗೇಮ್ಸ್ ಚಿನ್ನ. ಎರಡನೆಯ ಚಿನ್ನ ಗೆದ್ದಾಗ ಅವರಿಗೆ ಮೂವತ್ತಮೂರರ ಹತ್ತಿರ ವಯಸ್ಸು. 1962ರ ಜಕಾರ್ತಾ ಕೂಟ ಅವರ ಕೈತಪ್ಪಿದ್ದು ಚೀನಾ ಯುದ್ಧದಿಂದಾಗಿ. ಕ್ಯೂಬಾದ ತಿಯೋಫಿಲೊ ಸ್ಟೀವನ್‌ಸನ್ ಮೂರು ಒಲಿಂಪಿಕ್ಸ್‌ಗಳಲ್ಲಿ, 1972, 1976, 1980ರಲ್ಲಿ, ಹೆವಿವೇಯ್ಟ್ ಚಿನ್ನ ಗೆದ್ದವರು. 1986ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದಾಗ ಅವರಿಗೆ 34 ವರ್ಷ.

ಇದನ್ನು ಹೇಳಿದ್ದು ಯಾಕೆಂದರೆ, ಭಾರದ ಹುಡುಗ ಇರುವ ಮನೆಯಲ್ಲಿ ಆತುರ ಬೇಡ. ಹದಿನೆಂಟಕ್ಕೆ ಕಾಲೇಜು ಬಿಡಿಸಿ ಕ್ಯಾಂಪಿಗೆ ಸೇರಿಸಬೇಕೆಂದು ಯಾರಾದರೂ ಅವಸರ ಮಾಡಿದರೆ ಅವರಿಗೆ ಈ ಮೂವರ ವಯಸ್ಸನ್ನು ತೋರಿಸಬಹುದು.

ಇದರ ಇನ್ನೊಂದು ಮುಖವೂ ಇದೆ. ಎದುರಾಳಿಗಳು ಕಡಿಮೆ ಎಂದರೆ ಅಭ್ಯಾಸಕ್ಕೆ ಜೊತೆಗಾರರೂ ಕಡಿಮೆ. ಶೆಟ್ಟರ ಮಗನ ಕ್ಲಬ್ಬಿನಲ್ಲಿ ಅವನ ತೂಕದವರು ಬೇರೆ ಯಾರೂ ಇಲ್ಲ. 70 ಕಿಲೋದ ಹುಡುಗನ ಜೊತೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿದರೆ ಇವನು ಕೈ ಬಿಗಿಹಿಡಿಯಬೇಕು, ಹಾಗೆ ಹಿಡಿಯುವುದೇ ಅಭ್ಯಾಸವಾಗಿಬಿಡುತ್ತದೆ. ಕೋಚ್ ಪ್ಯಾಡ್ ಹಿಡಿಯುತ್ತಾರೆ, ಸರಿ, ಆದರೆ ಪ್ಯಾಡು ತಿರುಗಿ ಹೊಡೆಯುವುದಿಲ್ಲ. ಸೇನೆಯ ಕ್ಯಾಂಪುಗಳಿಂದಲೇ ನಮ್ಮ ಹೆವಿವೇಯ್ಟ್‌ಗಳು ಬಂದದ್ದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ. ದೇಶದ ಮೂಲೆಮೂಲೆಯ ದೊಡ್ಡ ಮೈಯವರು ಒಂದೇ ಅಂಗಳದಲ್ಲಿ ಸೇರುವ ಜಾಗ ಅದು. ಊಟ, ಹಾಲು, ಮೊಟ್ಟೆ, ಮಾಂಸದ ಖರ್ಚು ಮನೆಯ ಮೇಲೆ ಬೀಳುವುದಿಲ್ಲ. ನಮ್ಮ ಕೊಡಗಿನ ಸಿ.ಸಿ. ಮಾಚಯ್ಯ ಅವರೂ ಕೌರ್ ಸಿಂಗ್ ಅವರ ಕಾಲದ ಅರ್ಜುನ ಪ್ರಶಸ್ತಿಯ ಬಾಕ್ಸರ್. ಹೆವಿವೇಯ್ಟ್ ಅಲ್ಲ, ಹಗುರ ತೂಕದವರು.

1980 ಕೌರ್ ಸಿಂಗ್ ಅವರ ವರ್ಷ. ಜನವರಿ 27ರಂದು ದಿಲ್ಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಮುಹಮ್ಮದ್ ಅಲಿಯ ಜೊತೆ ನಾಲ್ಕು ರೌಂಡಿನ ಪ್ರದರ್ಶನ ಬೌಟ್. ಅಲಿಗೆ ಆಗ 38, ಭಾರತಕ್ಕೆ ಬಂದಿದ್ದರು. ಇಲ್ಲಿಂದಲೇ ಅವರು ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರ ಕೋರಿಕೆಯಂತೆ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರದ ಮಾತುಕತೆಗೆ ಆಫ್ರಿಕಕ್ಕೆ ಹೊರಟರು. ಪ್ರದರ್ಶನ ಬೌಟಿನಲ್ಲಿ ಸೋಲು ಗೆಲುವಿನ ಮಾತಿಲ್ಲ. ಆದರೂ ಅಲಿಯ ಕೈಯ ವೇಗವನ್ನು, ಹೊಡೆತದ ಭಾರವನ್ನು ಕೌರ್ ಸಿಂಗ್ ಮುಪ್ಪಿನಲ್ಲೂ ನೆನೆಯುತ್ತಿದ್ದರು. ನಾಲ್ಕು ವರ್ಷ ಹಿಂದೆ ಗ್ಲೌಸ್ ಮುಟ್ಟಿಯೇ ಇರದಿದ್ದ ರೈತನ ಮಗ ಆ ಮನುಷ್ಯನೆದುರು ನಿಂತ ಎಂಬುದು ನನಗೆ ಈಗಲೂ ದೊಡ್ಡ ವಿಷಯ.

ಆ ವರ್ಷವೇ ಮುಂಬೈಯಲ್ಲಿ ಏಷ್ಯನ್ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆಯಿತು, ಕೌರ್ ಸಿಂಗ್ ಇಲ್ಲಿ ಚಿನ್ನ ಗೆದ್ದರು. ಕ್ರಿಕೆಟ್ಟಿನ ಊರೆಂದೇ ಎಲ್ಲರೂ ಹೇಳುವ ಮುಂಬೈಯಲ್ಲಿ ಏಷ್ಯಾದ ಹೆವಿವೇಯ್ಟ್ ಪಟ್ಟ ತೀರ್ಮಾನವಾಗಿತ್ತು ಎಂದು ನಾನು ಹೇಳಿದಾಗ ಶೆಟ್ಟರ ಮಗ ಅದನ್ನು ಕೇಳುತ್ತಿದ್ದುದು ಅದೇ ಮೊದಲು.

ಆಮೇಲೆ 1982ರ ನವೆಂಬರ್ ಡಿಸೆಂಬರಿನಲ್ಲಿ ದಿಲ್ಲಿ ಏಷ್ಯನ್ ಗೇಮ್ಸ್. ಭಾರತಕ್ಕೆ ಬಂದ 13 ಚಿನ್ನಗಳಲ್ಲಿ ಒಂದು ಕೌರ್ ಸಿಂಗ್ ಅವರದು. ಆ ವರ್ಷ ಅರ್ಜುನ, ಮರುವರ್ಷ ಪದ್ಮಶ್ರೀ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಹೋಗಿಬಂದರು, ಪದಕ ಬರಲಿಲ್ಲ. ಅಲ್ಲಿಗೆ ರಿಂಗಿನ ಬದುಕು ಮುಗಿಯಿತು. 1977ರಿಂದ 1984, ಅಷ್ಟೇ.

ಘೋಷಣೆಗೂ ಕಡತಕ್ಕೂ ನಡುವೆ

ಸೇನೆಯ ಕೆಲಸ ಮುಂದುವರಿಯಿತು. 1988ರಲ್ಲಿ ವಿಶಿಷ್ಟ ಸೇವಾ ಪದಕವೂ ಬಂತು. ನಿವೃತ್ತರಾದ ಮೇಲೆ ಊರಿಗೆ ಹೋಗಿ ಮತ್ತೆ ಬೇಸಾಯ ಹಿಡಿದರು. ದಿಲ್ಲಿ ಚಿನ್ನ ಗೆದ್ದಾಗ ರಾಜ್ಯ ಸರ್ಕಾರ 1 ಲಕ್ಷ ರೂಪಾಯಿ ಬಹುಮಾನ ಘೋಷಿಸಿತ್ತು, ಅದು ತನ್ನ ಕೈಗೆ ಬರಲೇ ಇಲ್ಲ ಎಂದು ಮೂರು ದಶಕ ದಾಟಿದ ಮೇಲೆ ಕೌರ್ ಸಿಂಗ್ ಸುದ್ದಿಗಾರರಿಗೆ ಹೇಳಿದರು.

ಈ ಒಂದು ಲಕ್ಷವನ್ನು ಕಾಗದದ ಮೇಲೆ ಲೆಕ್ಕ ಹಾಕಿ ಶೆಟ್ಟರಿಗೆ ತೋರಿಸಿದೆ. 1982ರಲ್ಲಿ ಬಂದ 1 ಲಕ್ಷವನ್ನು ವರ್ಷಕ್ಕೆ ಶೇ. 8ರ ಚಕ್ರಬಡ್ಡಿಯಲ್ಲಿ ಇಟ್ಟು ಸುಮ್ಮನಿದ್ದಿದ್ದರೆ 35 ವರ್ಷಕ್ಕೆ ಅದು 14 ಲಕ್ಷದ 78 ಸಾವಿರದ ಸುಮಾರಿಗೆ ಆಗುತ್ತದೆ. 2017ರಲ್ಲಿ ಅವರನ್ನು ಕಾಡಿದ ಸಾಲ 2 ಲಕ್ಷ. ಹೋಟೆಲಿನ ಲೆಕ್ಕ ಬರೆದು ಪಳಗಿದ ಶೆಟ್ಟರು ಆ ಹಾಳೆಯನ್ನು ಎರಡು ಸಲ ನೋಡಿ, "ಕೊಡಬೇಕಾದ ಟೈಮಲ್ಲಿ ಕೊಡದಿದ್ರೆ ಹೀಗೇ ಮಾಷ್ಟ್ರೇ" ಎಂದರು.

ಕೌರ್ ಸಿಂಗ್ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಇದು. ಕುಡಿದು ಹಾಳಾದರು, ಜೂಜಾಡಿದರು, ದುಂದು ಮಾಡಿದರು ಎಂದು ಕ್ರೀಡಾಪಟುಗಳ ಬಗ್ಗೆ ಜನ ಸುಲಭವಾಗಿ ಹೇಳಿಬಿಡುತ್ತಾರೆ. ಇಲ್ಲಿ ಅಂಥದ್ದೇನೂ ಇಲ್ಲ. ಶಿಸ್ತಿನ ಸಿಪಾಯಿ, ಹೊಲದಲ್ಲಿ ದುಡಿದ ರೈತ. ಬಡತನ ಬಂದದ್ದು ಅವರ ನಡತೆಯಿಂದಲ್ಲ. ವೇದಿಕೆಯ ಮೇಲೆ ಆಡಿದ ಮಾತು ಕಡತಕ್ಕೆ ಇಳಿಯಲಿಲ್ಲ. ಅದನ್ನು ಇಳಿಸುವ ಹೊಣೆ ಯಾರದೆಂದು ಯಾರೂ ಗೊತ್ತುಮಾಡಿರಲಿಲ್ಲ. ಸರ್ಕಾರ ಬದಲಾಗುತ್ತದೆ, ಅಧಿಕಾರಿ ವರ್ಗವಾಗುತ್ತಾರೆ, ಹಳ್ಳಿಯಲ್ಲಿರುವ ಮಾಜಿ ಸೈನಿಕರೊಬ್ಬರು ಎಷ್ಟು ಸಲ ಚಂಡೀಗಢಕ್ಕೆ ಅಲೆಯಬೇಕು? ಪದಕ ಗೆದ್ದವನೇ ಬಂದು ಬೇಡಬೇಕು ಎಂಬ ಪದ್ಧತಿ ತಪ್ಪು. ಸ್ವಾಭಿಮಾನ ಇರುವವನು ಬೇಡುವುದಿಲ್ಲ, ಬೇಡದವನಿಗೆ ಸಿಗುವುದಿಲ್ಲ.

ವ್ಯವಸ್ಥೆಯೇ ಇರಲಿಲ್ಲ ಎನ್ನುವಂತೆಯೂ ಇಲ್ಲ. ಕಷ್ಟದಲ್ಲಿರುವ ಆಟಗಾರರಿಗಾಗಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರೀಡಾಪಟುಗಳ ಕಲ್ಯಾಣ ನಿಧಿ ಸ್ಥಾಪಿಸಿದ್ದು 1982ರಲ್ಲಿ, ಕೌರ್ ಸಿಂಗ್ ಚಿನ್ನ ಗೆದ್ದ ವರ್ಷದಲ್ಲೇ. ಆ ನಿಧಿಯಿಂದ ಅವರಿಗೆ 5 ಲಕ್ಷ ಮಂಜೂರಾದದ್ದು 2017ರಲ್ಲಿ, ಸುದ್ದಿ ಪತ್ರಿಕೆಗೆ ಬಂದಮೇಲೆ. ಸೇನೆಯೂ 3 ಲಕ್ಷ ಕೊಟ್ಟಿತು. ಸಹಾಯ ಬಂದದ್ದಕ್ಕೆ ಸಂತೋಷವಿದೆ. ಆದರೆ ವರದಿಗಾರರೊಬ್ಬರು ಆ ಹಳ್ಳಿಗೆ ಹೋಗಿರದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲೇಬೇಕು.

ಅಂತರರಾಷ್ಟ್ರೀಯ ಪದಕ ಗೆದ್ದವರಿಗೆ ಕೇಂದ್ರದ ಪಿಂಚಣಿ ಯೋಜನೆ 1994ರಿಂದ ಇದೆ. 2018ರಲ್ಲಿ ಮೊತ್ತ ಏರಿಸಿದ ಮೇಲೆ ಏಷ್ಯನ್ ಗೇಮ್ಸ್ ಚಿನ್ನಕ್ಕೆ ತಿಂಗಳಿಗೆ 14,000 ರೂಪಾಯಿ. ವಯಸ್ಸು 30 ದಾಟಿರಬೇಕು, ಸ್ಪರ್ಧೆಯಿಂದ ನಿವೃತ್ತರಾಗಿರಬೇಕು, ಅರ್ಜಿ ಹಾಕಬೇಕು. ಹೆವಿವೇಯ್ಟ್ ಬಾಕ್ಸರನ ಊಟದ ಖರ್ಚು ಗೊತ್ತಿರುವವರಿಗೆ ಇದು ದೊಡ್ಡ ಮೊತ್ತವಲ್ಲ. ಆದರೆ ತಿಂಗಳುತಿಂಗಳು ಖಾತೆಗೆ ಬಂದು ಬೀಳುವ ದುಡ್ಡಿಗೆ, ಒಮ್ಮೆ ವೇದಿಕೆಯಲ್ಲಿ ಘೋಷಿಸುವ ಲಕ್ಷಕ್ಕಿಂತ ಬೆಲೆ ಹೆಚ್ಚು.

ಕೌರ್ ಸಿಂಗ್ 2023ರ ಏಪ್ರಿಲ್ 27ರಂದು ಕುರುಕ್ಷೇತ್ರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವರ್ಷವೇ ಪಂಜಾಬಿನ 9 ಮತ್ತು 10ನೇ ತರಗತಿಯ ದೈಹಿಕ ಶಿಕ್ಷಣದ ಪುಸ್ತಕಕ್ಕೆ ಅವರ ಜೀವನವನ್ನು, ಮಿಲ್ಖಾ ಸಿಂಗ್, ಬಲ್ಬೀರ್ ಸಿಂಗ್ ಸೀನಿಯರ್ ಮೊದಲಾದವರ ಜೊತೆಗೆ, ಸೇರಿಸುವ ತೀರ್ಮಾನವಾಗಿತ್ತು.

ಬೇರೆಯವರಿಗೆ ಏನಾಯಿತು

ಒಬ್ಬರದನ್ನೇ ನೋಡಿ ಎಲ್ಲರ ಬಗ್ಗೆ ಹೇಳುವುದು ಸರಿಯಲ್ಲ ಎಂದು ಇನ್ನೂ ಮೂವರನ್ನು ಪಕ್ಕಕ್ಕಿಟ್ಟು ನೋಡಿದೆ.

ಹವಾ ಸಿಂಗ್ ನಿವೃತ್ತರಾದ ಮೇಲೆ ಭಿವಾನಿಯಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸಲು ನಿಂತರು. ಇವತ್ತು ಭಿವಾನಿ ಎಂದರೆ ಬಾಕ್ಸಿಂಗ್ ಎನ್ನುವಂತಾಗಿರುವುದರ ಬುನಾದಿ ಅವರದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಆ ಊರಿನವರೇ. ಹವಾ ಸಿಂಗ್ ಅವರಿಗೆ ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು ತಡವಾಗಿ, 2000ದ ಆಗಸ್ಟಿನಲ್ಲಿ ಅದನ್ನು ಸ್ವೀಕರಿಸುವ ಕೆಲವೇ ದಿನ ಮೊದಲು ಅವರು ತೀರಿಕೊಂಡರು. ಆದರೂ ಅವರ ಎರಡನೆಯ ಬದುಕು ಖಾಲಿಯಾಗಿರಲಿಲ್ಲ. ಗೊತ್ತಿದ್ದ ವಿದ್ಯೆಯಲ್ಲೇ ಅವರಿಗೆ ದಿನವೂ ಕೆಲಸವಿತ್ತು, ಸುತ್ತ ಹುಡುಗರಿದ್ದರು.

ಸ್ಟೀವನ್‌ಸನ್ ಅವರ ದಾರಿ ಪೂರ್ತಿ ಬೇರೆ. ಕ್ಯೂಬಾದಲ್ಲಿ ಆಗ ವೃತ್ತಿಪರ ಬಾಕ್ಸಿಂಗ್ ನಿಷಿದ್ಧವಾಗಿತ್ತು. ಅಲಿಯೊಡನೆ ಕಾದಾಡಲು ಅಮೆರಿಕದವರು ಲಕ್ಷಾಂತರ ಡಾಲರ್ ತೋರಿಸಿದರು. ಕ್ಯೂಬಾದ ಜನರ ಪ್ರೀತಿಯೆದುರು ಆ ದುಡ್ಡು ಯಾವ ಲೆಕ್ಕ ಎಂಬ ಅರ್ಥದ ಮಾತಾಡಿ ಅವರು ಹವ್ಯಾಸಿಯಾಗಿಯೇ ಉಳಿದರು. 1984, 1988ರ ಒಲಿಂಪಿಕ್ಸ್‌ಗಳನ್ನು ಕ್ಯೂಬಾ ಬಹಿಷ್ಕರಿಸಿದ್ದರಿಂದ ನಾಲ್ಕನೆಯ ಚಿನ್ನದ ಅವಕಾಶವೂ ಹೋಯಿತು. ಆಮೇಲೆ ತಮ್ಮ ದೇಶದ ಬಾಕ್ಸಿಂಗ್ ಫೆಡರೇಷನ್ನಿನ ಉಪಾಧ್ಯಕ್ಷರಾಗಿದ್ದರು, 2012ರಲ್ಲಿ 60ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಹವ್ಯಾಸಿ ಆಟಗಾರನನ್ನು ನಾವು ಸಾಕುತ್ತೇವೆ ಎಂದು ಒಂದು ದೇಶ ಹೇಳಿದರೆ ಆಟ ಬಿಟ್ಟ ಮೇಲೂ ಅವನಿಗೊಂದು ಸ್ಥಾನ ಇರಬೇಕು. ಆ ಸ್ಥಾನ ಅವರಿಗಿತ್ತು.

ಮೂರನೆಯವರು ಹೆವಿವೇಯ್ಟ್ ಅಲ್ಲ, ಮಣಿಪುರದ ಡಿಂಕೊ ಸಿಂಗ್. ನೌಕಾಪಡೆಯಲ್ಲಿದ್ದವರು. 1998ರಲ್ಲಿ ಬ್ಯಾಂಕಾಕಿನಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, ಕೌರ್ ಸಿಂಗ್ ನಂತರ 16 ವರ್ಷಕ್ಕೆ ಬಾಕ್ಸಿಂಗಿನಲ್ಲಿ ಬಂದ ಚಿನ್ನ ಅದು. ಅವರಿಗೂ ಕ್ಯಾನ್ಸರ್ ಚಿಕಿತ್ಸೆಗೆ ಮನೆ ಮಾರಬೇಕಾಗಿ ಬಂತು, 2021ರಲ್ಲಿ ತೀರಿಕೊಂಡರು. ಕಾಲ ಬದಲಾಯಿತು, ರಾಜ್ಯ ಬೇರೆ, ಪಡೆ ಬೇರೆ. ಆಸ್ಪತ್ರೆಯ ಬಿಲ್ಲಿನ ಎದುರು ಮಾತ್ರ ಇಬ್ಬರಿಗೂ ಒಂದೇ ಗತಿಯಾಯಿತು.

ಶೆಟ್ಟರ ಮನೆಯಲ್ಲಿ

ಎರಡನೆಯ ಭಾನುವಾರ ಅವರ ಮನೆಗೇ ಹೋದೆ. ಹುಡುಗನ ತಾಯಿಯೂ ಕೂತರು. ಅವರದು ಒಂದೇ ಭಯ, ಪೆಟ್ಟು. ಹುಡುಗ ಒಳಗಿನಿಂದ ಬ್ಯಾಂಡೇಜು ತಂದು ಕೈಗೆ ಸುತ್ತಿ ತೋರಿಸಿದ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಅಂಗೈ ಹಿಂಬದಿಯಲ್ಲಿ ಅಡ್ಡ ಹಾದು ಗೆಣ್ಣುಗಳ ಮೇಲೆ ದಪ್ಪಗೆ, ಬೆರಳಿನ ಸಂದಿಗಳಲ್ಲಿ ಒಂದೊಂದೇ ಎಳೆದು, ಮತ್ತೆ ಮಣಿಕಟ್ಟಿಗೆ ತಂದು ಅಂಟಿಸಿದ. ನಾಲ್ಕೂವರೆ ಮೀಟರಿನ ಪಟ್ಟಿ. ತಾಯಿ ಅವನ ಹೆಬ್ಬೆರಳು ಹಿಡಿದು ಅಲ್ಲಾಡಿಸಿ ನೋಡಿದರು. ಹೆವಿವೇಯ್ಟ್ ಬಾಕ್ಸರಿಗೆ ಎದುರಾಳಿಯಿಂದ ಎಷ್ಟು ಅಪಾಯವೋ ತನ್ನ ಹೊಡೆತದಿಂದ ತನ್ನ ಕೈಗೂ ಅಷ್ಟೇ ಅಪಾಯ. 1972ರ ಮ್ಯೂನಿಕ್ ಫೈನಲ್‌ನಲ್ಲಿ ಸ್ಟೀವನ್‌ಸನ್ ಎದುರು ಬರಬೇಕಿದ್ದ ರೊಮೇನಿಯಾದ ಅಲೆಕ್ಸೆ ಹೆಬ್ಬೆರಳು ಮುರಿದುಕೊಂಡು ರಿಂಗಿಗೇ ಇಳಿಯಲಿಲ್ಲ, ಚಿನ್ನ ವಾಕ್‌ಓವರಿನಲ್ಲಿ ಹೋಯಿತು.

ತಲೆಗೆ ಬೀಳುವ ಪೆಟ್ಟಿನ ಬಗ್ಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಈ ತೂಕದಲ್ಲಿ 12 ಔನ್ಸಿನ ಗ್ಲೌಸ್, ಮೂರು ನಿಮಿಷದ ಮೂರು ರೌಂಡ್, ರಿಂಗಿನ ಪಕ್ಕ ಡಾಕ್ಟರು, ನಾಕ್‌ಔಟ್ ಆದವನಿಗೆ ಕಡ್ಡಾಯ ವಿಶ್ರಾಂತಿ, ಎಲ್ಲ ಇವೆ. ಆದರೂ ಗಂಡಸರ ಸ್ಪರ್ಧೆಯಲ್ಲಿ 2013ರಿಂದ ತಲೆಗವಸು ತೆಗೆದಿದ್ದಾರೆ, ಅಪಾಯ ಇಲ್ಲ ಎನ್ನಲು ಬರುವುದಿಲ್ಲ. ತಲೆನೋವು, ತಲೆಸುತ್ತು ಬಂದರೆ ಮುಚ್ಚಿಟ್ಟು ರಿಂಗಿಗಿಳಿಯುವುದಿಲ್ಲ ಎಂದು ಹುಡುಗನಿಂದ ಅಮ್ಮನ ಎದುರೇ ಮಾತು ತೆಗೆದುಕೊಂಡೆ.

ಆಮೇಲೆ ಕಾಗದಪತ್ರ. ಅವನ ಹತ್ತಿರ ಪದಕಗಳಿದ್ದವು, ಬಣ್ಣಬಣ್ಣದ ಸರ್ಟಿಫಿಕೇಟುಗಳಿದ್ದವು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನೌಕರಿಗೆ ಅವು ಹಾಗೇ ನಡೆಯುವುದಿಲ್ಲ, ನಿಗದಿತ ನಮೂನೆಯಲ್ಲೇ ಇರಬೇಕು. ದೇಶಕ್ಕಾಗಿ ಆಡಿದವರಿಗೆ ಫಾರ್ಮ್ 1, ರಾಷ್ಟ್ರೀಯ ಕೂಟದಲ್ಲಿ ರಾಜ್ಯಕ್ಕಾಗಿ ಆಡಿದವರಿಗೆ ಫಾರ್ಮ್ 2, ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕೂಟಕ್ಕೆ ಫಾರ್ಮ್ 4. ಪ್ರತಿಯೊಂದಕ್ಕೂ ಸಹಿ ಯಾರದು ಎಂಬುದೂ ಗೊತ್ತಾಗಿದೆ. ಫಾರ್ಮ್ 2 ಆದರೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ, ಫಾರ್ಮ್ 3 ಆದರೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರು. ಆಡಿದ ತಿಂಗಳಲ್ಲೇ ಸಹಿ ಹಾಕಿಸಿಕೊಳ್ಳಬೇಕು, ಯಾಕೆಂದರೆ ಆಟದ ಸಂಸ್ಥೆಗಳೇ ನೆಟ್ಟಗಿರುವುದಿಲ್ಲ. ನಮ್ಮ ರಾಷ್ಟ್ರೀಯ ಬಾಕ್ಸಿಂಗ್ ಫೆಡರೇಷನ್ 2012ರ ಡಿಸೆಂಬರಿನಲ್ಲಿ ಅಮಾನತಾಯಿತು. 2014ರಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ ಉಳಿಯಲಿಲ್ಲ. ಈಗಿನ ಬಿ.ಎಫ್.ಐ. (ಬಾಕ್ಸಿಂಗ್ ಫೆಡರೇಷನ್ ಆಫ್ ಇಂಡಿಯಾ) ಬಂದದ್ದು 2016ರಲ್ಲಿ. ಆ ನಡುವೆ ನಮ್ಮ ಬಾಕ್ಸರುಗಳು ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ತ್ರಿವರ್ಣದ ಬದಲು ಅಂತರರಾಷ್ಟ್ರೀಯ ಸಂಸ್ಥೆಯ ಬಾವುಟದಡಿ ಆಡಬೇಕಾಯಿತು. ಮೈಯಲ್ಲಿ ಕಸುವಿದ್ದ ಎಷ್ಟೋ ಹುಡುಗರ ಒಳ್ಳೆಯ ವರ್ಷಗಳು ಆ ಜಗಳದಲ್ಲಿ ಹೋದವು.

ನೌಕರಿ ಎಲ್ಲಿ? ರೈಲ್ವೆಯ ಕ್ರೀಡಾ ಕೋಟಾ ಒಂದು ದಾರಿ, ಸೆಂಟ್ರಲ್, ವೆಸ್ಟರ್ನ್ ಎರಡೂ ರೈಲ್ವೆಗಳ ಮುಖ್ಯ ಕಚೇರಿ ಮುಂಬೈಯಲ್ಲೇ ಇವೆ. ಇನ್ನೊಂದು ಸೇನೆ. ಪುಣೆಯಲ್ಲಿ 2001ರಿಂದ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇದೆ, ಬಾಕ್ಸಿಂಗ್ ಅಲ್ಲಿನ ಮುಖ್ಯ ಆಟಗಳಲ್ಲಿ ಒಂದು. ಒಳ್ಳೆಯ ಪದಕವಿದ್ದರೆ ಕ್ರೀಡೆಯ ಮೇಲೆ ನೇರವಾಗಿ ಹವಾಲ್ದಾರ್ ದರ್ಜೆಗೆ ಸೇರುವ ಅವಕಾಶ ಸೇನೆಯಲ್ಲಿದೆ. 2022ರ ಅಗ್ನಿಪಥದಡಿ ಸೇರಿದರೆ ಮಾತ್ರ ನಾಲ್ಕೇ ವರ್ಷ, ಅದರ ಮೇಲೆ ಉಳಿಯುವವರು ನೂರಕ್ಕೆ ಇಪ್ಪತ್ತೈದು ಜನ. ಕೌರ್ ಸಿಂಗ್ ಕಾಲದ ಸೇನೆಯ ನೌಕರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದಕ್ಕೆ ಸಹಿ ಹಾಕಬಾರದು. ಅವರಿಗೆ ಪದಕ ಏನೂ ಕೊಡದಿದ್ದಾಗಲೂ ನೌಕರಿ ಮನೆ ನಡೆಸಿತ್ತು.

ನಮ್ಮ ಸಂಘದವರ ಹತ್ತಿರವೂ ಮಾತಾಡಿದೆ. ಮುಂಬೈ ಕನ್ನಡಿಗರಿಗೆ ಸನ್ಮಾನ ಎಂದರೆ ಪ್ರೀತಿ, ನನಗೂ ಪ್ರೀತಿಯೇ. ಹುಡುಗ ಗೆದ್ದು ಬಂದಾಗ ಪೇಟ, ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ ಎಲ್ಲ ಆಗಲಿ. ಆದರೆ ಮೈಕಿನಲ್ಲಿ ಹೇಳಿದ ಮೊತ್ತದ ಚೆಕ್ಕು ಅದೇ ದಿನ, ಅದೇ ವೇದಿಕೆಯಲ್ಲಿ ಕೈಗೆ ಹೋಗಬೇಕು, ಆಗದಿದ್ದರೆ ಮೊತ್ತ ಹೇಳುವುದೇ ಬೇಡ ಎಂದೆ. ಕಾರ್ಯದರ್ಶಿಗಳು ಮೊದಲು ಮುಖ ಗಂಟಿಕ್ಕಿದರು. ಕೌರ್ ಸಿಂಗ್ ಅವರ ಆ ಒಂದು ಲಕ್ಷದ ಲೆಕ್ಕದ ಹಾಳೆಯನ್ನು ಅವರಿಗೂ ಓದಲು ಕೊಟ್ಟೆ. ಮುಂದಿನ ಸಭೆಯಲ್ಲಿ ಠರಾವು ಆಯಿತು, ಕ್ರೀಡಾ ನಿಧಿಗೆ ಬೇರೆ ಖಾತೆಯೂ ತೆರೆದರು.

ಶೆಟ್ಟರು ಈಗ ಒಪ್ಪಿದ್ದಾರೆ. ಹುಡುಗ ರೈಲ್ವೆ, ಸೇನೆ ಎರಡಕ್ಕೂ ಪ್ರಯತ್ನ ಮಾಡುವುದು, ಯಾವುದು ಮೊದಲು ಸಿಕ್ಕಿತೋ ಅದು. ವೃತ್ತಿಪರ ಬಾಕ್ಸಿಂಗಿಗೆ ಕರೆಯುವವರಿದ್ದಾರೆ, ಅದು ಸದ್ಯಕ್ಕೆ ಬೇಡ ಎಂದು ಅವನೇ ಹೇಳಿದ. ತಾಯಿ ಮಾತ್ರ ಬಿ.ಕಾಂ. ಕೊನೆಯ ವರ್ಷದ ಪರೀಕ್ಷೆ ಮುಗಿಯದೆ ಯಾವ ಅರ್ಜಿಗೂ ಸಹಿ ಇಲ್ಲ ಎಂದು ಪಟ್ಟು ಹಿಡಿದಿದ್ದಾರೆ. ಕಾಲೇಜಿನಲ್ಲಿ ಇರುವಷ್ಟು ದಿನ ಅಂತರ ವಿಶ್ವವಿದ್ಯಾಲಯ ಕೂಟದ ಫಾರ್ಮ್ 3 ಸಿಗುವ ಅವಕಾಶವಿದೆ, ಹೆವಿವೇಯ್ಟಿಗೆ ಒಂದು ವರ್ಷ ಹೋದರೆ ನಷ್ಟವೂ ಇಲ್ಲ. ಹಾಗಾಗಿ ನಾನು ಅವರ ಪಕ್ಷ.